ಹಳೆಯ ಬಳ್ಳಿಯ ಮೆರ್ಸೋ: 2014, 2015, 2017, 2020ರ ಬಾಟಲಿಗಳನ್ನು ಒಟ್ಟಿಗೆ ಹೋಲಿಸುವುದು ಹೇಗೆ?

ಬಳ್ಳಿಬೇರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಮೆರ್ಸೋ ಊರಿನ ಒಬ್ಬ ಬೆಳೆಗಾರರು ಒಂದೇ ತೋಟದ ಹಳೆಯ ಶಾರ್ಡೊನೆ ದ್ರಾಕ್ಷಿ ಬಳ್ಳಿಗಳಿಂದ ಮಾಡಿದ ಬಿಳಿ ವೈನಿನ ನಾಲ್ಕು ವರ್ಷಗಳ ಬಾಟಲಿಗಳು ನನ್ನಲ್ಲಿವೆ: 2014, 2015, 2017 ಮತ್ತು 2020. ಲೇಬಲ್ಲಿನಲ್ಲಿ ಊರಿನ ಹೆಸರಿನ ಕೆಳಗೆ ‘ವಿಯೆಯ್ ವಿನ್ಯ್’, ಅಂದರೆ ಹಳೆಯ ಬಳ್ಳಿಗಳು ಎಂದು ಅಚ್ಚಾಗಿದೆ. ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ನೆಟ್ಟ ಬಳ್ಳಿಗಳಿವು ಎಂದು ಬೆಳೆಗಾರರು ಹೇಳುತ್ತಾರೆ. ವೈನಿನಲ್ಲಿ ಆಸಕ್ತಿಯಿರುವ ಕೆಲವು ಗೆಳೆಯರೊಂದಿಗೆ ಕುಳಿತು ಈ ನಾಲ್ಕನ್ನೂ ಒಂದೇ ಸಂಜೆ ಸವಿದು ಹೋಲಿಸಬೇಕೆಂದಿದ್ದೇನೆ.

ನನ್ನ ಗೊಂದಲ ಇಷ್ಟು. ಲೋಟದಲ್ಲಿ ಕಾಣುವ ವ್ಯತ್ಯಾಸದಲ್ಲಿ ಆಯಾ ವರ್ಷದ ಹವೆಯಿಂದ ಬಂದದ್ದು ಯಾವುದು, ಬಳ್ಳಿಯ ವಯಸ್ಸಿನಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಿ ಹೇಳಲು ಸಾಧ್ಯವೇ? ಇನ್ನೊಂದು ವಿಷಯ: 2014ರ ಬಿಳಿ ಬರ್ಗಂಡಿಯನ್ನು ಬಲ್ಲವರೆಲ್ಲ ಹೊಗಳುತ್ತಾರೆ. ಆದರೆ ಕಳೆದ ವರ್ಷ ನಾನು ತೆರೆದ 2014ರ ಒಂದು ಬಾಟಲಿಯ ಬಣ್ಣ ಗಾಢ ಹೊಂಬಣ್ಣಕ್ಕೆ ತಿರುಗಿತ್ತು. ಹೆಚ್ಚಿಟ್ಟು ಬಹಳ ಹೊತ್ತಾದ ಸೇಬಿನ ಮತ್ತು ಅಕ್ರೋಟಿನ ವಾಸನೆ ಬರುತ್ತಿತ್ತು, ಹಣ್ಣಿನ ರುಚಿ ಉಳಿದೇ ಇರಲಿಲ್ಲ. ಅದೇ ಪೆಟ್ಟಿಗೆಯ ಮತ್ತೊಂದು ಬಾಟಲಿ ತಿಳಿ ಬಣ್ಣದಲ್ಲಿ, ಹುರುಪಿನಿಂದ ಇತ್ತು. ಎರಡರಲ್ಲಿ ಯಾವುದನ್ನು 2014 ಎಂದು ನಂಬಲಿ? ಸವಿಯುವ ಕ್ರಮ ಮತ್ತು ಉಷ್ಣತೆಯ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ನೆಲಮಾಳಿಗೆ

ಬಳ್ಳಿಬೇರು ಅವರಿಗೆ ನಮಸ್ಕಾರ. ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದನ್ನು ಬಗೆಹರಿಸಿಕೊಳ್ಳದೆ ವರ್ಷಗಳನ್ನು ಹೋಲಿಸಲು ಹೊರಟರೆ ಸಂಜೆಯ ಶ್ರಮವೆಲ್ಲ ವ್ಯರ್ಥವಾಗುತ್ತದೆ. ನೀವು ವರ್ಣಿಸಿದ ಮೊದಲ ಬಾಟಲಿ 2014ರ ಗುಣವನ್ನು ತೋರಿಸುತ್ತಿರಲಿಲ್ಲ. ಅದು ಅಕಾಲದಲ್ಲಿ ಆಕ್ಸಿಡೀಕರಣಗೊಂಡ, ಅಂದರೆ ಆಮ್ಲಜನಕ ತಗುಲಿ ಬೇಗ ಮುದಿಯಾದ ಬಾಟಲಿ. ಬಿಳಿ ಬರ್ಗಂಡಿಯನ್ನು ಬಹುಕಾಲದಿಂದ ಕಾಡುತ್ತಿರುವ ತೊಂದರೆ ಇದು. 1995 ಮತ್ತು 1996ರ ಕೊಯ್ಲಿನ ವೈನ್‌ಗಳು ಇನ್ನೂ ಎಳೆಯವಾಗಿರಬೇಕಾದ ವಯಸ್ಸಿನಲ್ಲೇ ಮುದಿಯಾಗಿರುವುದನ್ನು ಕುಡಿಯುವವರು 2000ದ ನಂತರದ ವರ್ಷಗಳಲ್ಲಿ ಗಮನಿಸತೊಡಗಿದರು. ಅತ್ಯಂತ ಹೆಸರುವಾಸಿಯಾದ ಬೆಳೆಗಾರರ ವೈನ್‌ಗಳನ್ನೂ ಅದು ಬಿಡಲಿಲ್ಲ.

ಇದಕ್ಕೆ ಒಂದೇ ಕಾರಣವೆಂದು ಯಾರೂ ಬೆರಳಿಟ್ಟು ತೋರಿಸಲು ಆಗಿಲ್ಲ. ಕಾರ್ಕ್ ಬಿರಡೆಗಳು ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಆಮ್ಲಜನಕವನ್ನು ಒಳಗೆ ಬಿಡುವುದು, ವೈನನ್ನು ಕೆಡದಂತೆ ಕಾಪಾಡುವ ಸಲ್ಫರ್ ಡೈಆಕ್ಸೈಡಿನ ಬಳಕೆಯನ್ನು ಕಡಿಮೆ ಮಾಡಿದ್ದು, ಗಾಳಿ ತುಂಬಿದ ಚೀಲದಿಂದ ಹಣ್ಣನ್ನು ಬಹಳ ಮೃದುವಾಗಿ ಒತ್ತುವ ಹೊಸ ಯಂತ್ರಗಳು, ಪೀಪಾಯಿಯೊಳಗಿನ ಯೀಸ್ಟಿನ ಗಸಿಯನ್ನು ಅತಿಯಾಗಿ ಕಲಕುವ ರೂಢಿ, ಇವೆಲ್ಲವೂ ಸೇರಿ ವೈನಿನ ರಕ್ಷಣೆಯನ್ನು ಸಡಿಲಗೊಳಿಸಿದವು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಆಕ್ಸಿಡೀಕರಣಗೊಂಡ ಬಿಳಿ ವೈನಿನಲ್ಲಿ ಸೊಟೊಲಾನ್ ಎಂಬ ರಾಸಾಯನಿಕದ ಪ್ರಮಾಣ ಏರುತ್ತದೆ. ಮೆಂತ್ಯದ ವಾಸನೆಗೂ ಅದೇ ಕಾರಣವಾದ್ದರಿಂದ ಅದನ್ನು ಮೂಗಿನಿಂದ ಗುರುತಿಸುವುದು ನಮಗೆ ಕಷ್ಟವಲ್ಲ.

ಒಂದೇ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಕೆಟ್ಟು ಇನ್ನೊಂದು ಚೆನ್ನಾಗಿರುವುದೇ ಈ ತೊಂದರೆಯ ಗುರುತು. ವರ್ಷವೇ ದುರ್ಬಲವಾಗಿದ್ದರೆ ಎಲ್ಲ ಬಾಟಲಿಗಳೂ ಹೆಚ್ಚುಕಡಿಮೆ ಒಂದೇ ರೀತಿ ಬಳಲುತ್ತವೆ. ಆದ್ದರಿಂದ 2014 ಮತ್ತು 2015ರಲ್ಲಿ ತಲಾ ಎರಡು ಬಾಟಲಿಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಗೆಳೆಯರು ಬರುವ ಒಂದು ಗಂಟೆ ಮೊದಲು ನಾಲ್ಕನ್ನೂ ತೆರೆದು, ಒಂದೊಂದು ಗುಟುಕು ನೋಡಿ, ಕೆಟ್ಟದ್ದಿದ್ದರೆ ಬದಲಾಯಿಸಿ. ಬಣ್ಣವೊಂದನ್ನೇ ನಂಬಬೇಡಿ; ಬಿಸಿ ವರ್ಷದ ವೈನ್ ಸಹಜವಾಗಿಯೇ ಸ್ವಲ್ಪ ಗಾಢವಾಗಿರುತ್ತದೆ. ಲೋಟದಲ್ಲಿ ಅರ್ಧ ಗಂಟೆ ಬಿಟ್ಟು ನೋಡುವುದು ಹೆಚ್ಚು ನಂಬಿಕೆಗೆ ಅರ್ಹವಾದ ಪರೀಕ್ಷೆ: ಆರೋಗ್ಯವಾದ ವೈನ್ ಗಾಳಿ ತಗುಲಿದಂತೆ ಅರಳುತ್ತದೆ, ಕೆಟ್ಟದ್ದು ಮತ್ತಷ್ಟು ಸೊರಗುತ್ತದೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಒಂದಿದೆ. ತೆರೆದ ಕೂಡಲೇ ಕಡ್ಡಿ ಗೀರಿದಂಥ, ಬೆಣಚುಕಲ್ಲು ಉಜ್ಜಿದಂಥ ವಾಸನೆ ಬಂದರೆ ಗಾಬರಿಯಾಗಬೇಡಿ. ಆಮ್ಲಜನಕ ಕಡಿಮೆಯಿರುವ ವಾತಾವರಣದಲ್ಲಿ ಬೆಳೆದ ವೈನಿನ ಗಂಧಕಯುಕ್ತ ವಾಸನೆ ಅದು. ಗಾಳಿಯಾಡಿದಂತೆ ಬಹುಪಾಲು ಹದಕ್ಕೆ ಬರುತ್ತದೆ, ಅನೇಕರು ಅದನ್ನು ಬಯಸುತ್ತಾರೆ ಕೂಡ.

ಸುಣ್ಣಕಲ್ಲು

ನೆಲಮಾಳಿಗೆ ಅವರು ಹೇಳಿದ್ದರಲ್ಲಿ ನನಗೆ ಪೂರ್ಣ ಒಪ್ಪಿಗೆಯಿದೆ: ಬಾಟಲಿಯ ಸ್ಥಿತಿಯನ್ನು ಮೊದಲು ಬದಿಗಿಟ್ಟ ಮೇಲೆಯೇ ವರ್ಷದ ಮಾತು, ವರ್ಷದ ಲೆಕ್ಕ ಸಿಕ್ಕ ಮೇಲೆಯೇ ಬಳ್ಳಿಯ ಮಾತು. ಉಳಿದೆರಡರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ನಾಲ್ಕು ವರ್ಷಗಳು ಹೋಲಿಕೆಗೆ ಬಹಳ ಒಳ್ಳೆಯ ಆಯ್ಕೆ. 2014ರಲ್ಲಿ ಜೂನ್ 28ರಂದು ಬೋನ್, ಪೊಮಾರ್, ವೊಲ್ನೇ, ಮೆರ್ಸೋ ಊರುಗಳ ಸುತ್ತಮುತ್ತ ಆಲಿಕಲ್ಲು ಮಳೆ ಬಿದ್ದು ಬೆಳೆ ನಷ್ಟವಾಯಿತು. ನಂತರದ ಬೇಸಿಗೆ ತಂಪಾಗಿತ್ತು, ಆದರೆ ಸೆಪ್ಟೆಂಬರ್ ತಿಂಗಳು ಒಣಹವೆ ಮತ್ತು ಬಿಸಿಲನ್ನು ತಂದು ಹಣ್ಣನ್ನು ನಿಧಾನವಾಗಿ ಮಾಗಿಸಿತು. ಹುಳಿಯೂ ಉಳಿಯಿತು, ಮಾಗಿದ ರುಚಿಯೂ ಬಂತು. ಹೊಗಳಿಕೆಗೆ ಕಾರಣ ಇದೇ. 2015 ಬಿಸಿಯಾದ, ಒಣಗಿದ ವರ್ಷ. ಕೊಯ್ಲು ಆಗಸ್ಟ್ ಕೊನೆಗೇ ಶುರುವಾಯಿತು, ಯಾವ ದಿನ ಕೊಯ್ದರು ಎಂಬುದರ ಮೇಲೆ ವೈನಿನ ಹಣೆಬರಹ ನಿಂತಿತು. ಬೇಗ ಕೊಯ್ದವರ ಶಾರ್ಡೊನೆಯಲ್ಲಿ ತಾಜಾತನ ಉಳಿದಿದೆ, ತಡಮಾಡಿದವರದ್ದು ದಪ್ಪವಾಗಿ, ಬೆಣ್ಣೆಯಂತೆ ಮೆತ್ತಗಾಗಿದೆ.

2016 ನಿಮ್ಮ ಸಾಲಿನಲ್ಲಿ ಇಲ್ಲದಿರುವುದು ಆಶ್ಚರ್ಯವಲ್ಲ. ಆ ವರ್ಷ ಏಪ್ರಿಲ್ ಕೊನೆಯ ವಾರದ ಒಂದು ರಾತ್ರಿಯ ಕೊರೆಯುವ ಚಳಿ ಚಿಗುರುಗಳನ್ನು ಸುಟ್ಟುಹಾಕಿತು. ಸಾಮಾನ್ಯವಾಗಿ ಇಂಥ ಚಳಿ ತಲುಪದ, ಬಿಳಿ ವೈನಿಗೆ ಹೆಸರಾದ ಮೋನ್‌ರಾಶೆ ತೋಟದಲ್ಲೂ ಹಣ್ಣು ಎಷ್ಟು ಕಡಿಮೆಯಾಯಿತೆಂದರೆ, ಅಲ್ಲಿನ ಮಾಲೀಕರಲ್ಲಿ ಏಳು ಮಂದಿ ತಮ್ಮ ಹಣ್ಣನ್ನೆಲ್ಲ ಒಂದೇ ಕಡೆ ಸೇರಿಸಿ ಒಂದೇ ವೈನ್ ಮಾಡಿದರು. ಮರುವರ್ಷ, 2017ರ ಏಪ್ರಿಲ್‌ನಲ್ಲಿ, ಮತ್ತೆ ಅಂಥದ್ದೇ ಚಳಿ ಬಂದಾಗ ಬೆಳೆಗಾರರು ಊರೂರು ಸೇರಿ ಒದ್ದೆ ಹುಲ್ಲು ಸುಟ್ಟು ಹೊಗೆಯ ಹೊದಿಕೆ ಹಬ್ಬಿಸಿದರು. ಹೆಪ್ಪುಗಟ್ಟಿದ ಚಿಗುರಿನ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬೀಳದಂತೆ ತಡೆಯುವುದು ಅದರ ಉದ್ದೇಶ. ಬೆಳೆ ಉಳಿಯಿತು, ಧಾರಾಳವಾಗಿಯೇ ಬಂತು. 2017ರ ಬಿಳಿ ವೈನ್‌ಗಳಲ್ಲಿ ಹುಳಿ ಮತ್ತು ಹಣ್ಣಿನ ಸಮತೋಲ ಮೊದಲ ದಿನದಿಂದಲೇ ಹಿತವಾಗಿತ್ತು. ಆ ವರ್ಷಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲವೆಂಬುದು ನನ್ನ ಅಭಿಪ್ರಾಯ.

2020 ಕುತೂಹಲದ ವರ್ಷ. ಬಿಸಿ ಮತ್ತು ಬರ ಎರಡೂ ಇದ್ದವು, ಕೊಯ್ಲು ಆಗಸ್ಟ್‌ನಲ್ಲೇ ನಡೆಯಿತು. ಆದರೂ ಬಿಳಿ ವೈನ್‌ಗಳ ಹುಳಿ ಬೆರಗಾಗುವಷ್ಟು ಚುರುಕಾಗಿದೆ. ಇದನ್ನು ಅರ್ಥಮಾಡಿಕೊಳ್ಳಲು ದ್ರಾಕ್ಷಿಯ ಎರಡು ಮುಖ್ಯ ಆಮ್ಲಗಳನ್ನು ನೆನಪಿಡಬೇಕು. ಮ್ಯಾಲಿಕ್ ಆಮ್ಲ ಸೆಕೆಗೆ ಬೇಗ ಕರಗಿಹೋಗುತ್ತದೆ, ಟಾರ್ಟಾರಿಕ್ ಆಮ್ಲ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಬರ್ಗಂಡಿಯಲ್ಲಿ ಬಿಳಿ ವೈನ್ ಸಾಮಾನ್ಯವಾಗಿ ಎರಡನೆಯ ಹುದುಗುವಿಕೆಗೆ ಒಳಗಾಗುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾಗಳು ಚೂಪಾದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ತಂಪು ವರ್ಷದಲ್ಲಿ ಮ್ಯಾಲಿಕ್ ಹೆಚ್ಚಿರುವುದರಿಂದ ಈ ಹಂತದಲ್ಲಿ ಹುಳಿ ಬಹಳ ಇಳಿಯುತ್ತದೆ. ಬಿಸಿ ವರ್ಷದಲ್ಲಿ ಮಾರ್ಪಡಲು ಉಳಿದಿರುವುದೇ ಸ್ವಲ್ಪವಾದ್ದರಿಂದ ಇಳಿತ ಕಡಿಮೆ. ಬರವು ಸಣ್ಣ ಹಣ್ಣಿನೊಳಗೆ ಸಕ್ಕರೆಯ ಜೊತೆಗೆ ಹುಳಿಯನ್ನೂ ಸಾಂದ್ರಗೊಳಿಸಿತು ಎಂಬುದು ಬೆಳೆಗಾರರು ಕೊಡುವ ವಿವರಣೆ. ಬಿಸಿ ವರ್ಷವೆಂದರೆ ಸಪ್ಪೆ ವೈನ್ ಎಂಬ ಸರಳ ಸೂತ್ರ 2003ಕ್ಕೆ ಒಪ್ಪಿತ್ತು, 2020ಕ್ಕೆ ಒಪ್ಪುವುದಿಲ್ಲ.

ಇನ್ನು ಹಳೆಯ ಬಳ್ಳಿ. ಲೇಬಲ್ಲಿನ ಆ ಮಾತಿಗೆ ಫ್ರಾನ್ಸಿನ ಕಾನೂನಿನಲ್ಲಿ ಇಷ್ಟೇ ವರ್ಷ ಎಂಬ ಮಿತಿಯಿಲ್ಲ; ಮೂವತ್ತು ವರ್ಷದ ಬಳ್ಳಿಗೂ ಹಾಕಬಹುದು, ಎಂಬತ್ತರದ್ದಕ್ಕೂ ಹಾಕಬಹುದು. ಜೊತೆಗೆ, ಹಳೆಯ ತೋಟದಲ್ಲಿ ಕಾಂಡದ ರೋಗದಿಂದ ಸತ್ತ ಬಳ್ಳಿಯ ಜಾಗದಲ್ಲಿ ಹೊಸದನ್ನು ನೆಡುತ್ತಾ ಬರುವುದರಿಂದ ಯುದ್ಧಾನಂತರ ನೆಟ್ಟ ತೋಟದೊಳಗೂ ಹತ್ತಾರು ವಯಸ್ಸಿನ ಬಳ್ಳಿಗಳು ಬೆರೆತಿರುತ್ತವೆ. ಆದರೂ ಆ ಮಾತು ಸುಳ್ಳಲ್ಲ. 1970ರ ದಶಕದಲ್ಲಿ ಆಯ್ದ ಕ್ಲೋನ್‌ಗಳ, ಅಂದರೆ ಒಂದೇ ಬಳ್ಳಿಯಿಂದ ಪಡೆದ ತದ್ರೂಪಿ ಗಿಡಗಳ, ಕಾಲ ಆರಂಭವಾಗುವ ಮೊದಲು ನೆಟ್ಟ ತೋಟಗಳಲ್ಲಿ ಬೆಳೆಗಾರರು ತಮ್ಮದೇ ಒಳ್ಳೆಯ ಬಳ್ಳಿಗಳಿಂದ ಕಡ್ಡಿ ಆಯ್ದು ಕಸಿ ಕಟ್ಟುತ್ತಿದ್ದರು. ಹಾಗಾಗಿ ಅಲ್ಲಿ ಶಾರ್ಡೊನೆಯ ಒಳಗೇ ಬಹಳ ವೈವಿಧ್ಯವಿದೆ. ಗೊಂಚಲು ಸಣ್ಣದು, ಕೆಲವು ಕಾಳುಗಳು ಬೆಳೆಯದೆ ಪುಟ್ಟದಾಗಿಯೇ ಉಳಿಯುತ್ತವೆ, ಇಳುವರಿ ಕಡಿಮೆ. ವೈರಸ್ ಹಿಡಿದ ಬಳ್ಳಿಗಳ ಇಳುವರಿ ಇನ್ನೂ ಕಡಿಮೆ. ದಪ್ಪ ಕಾಂಡ ಮತ್ತು ಬೇರಿನಲ್ಲಿ ಶೇಖರವಾದ ಪಿಷ್ಟವು ಕಷ್ಟದ ವರ್ಷದಲ್ಲಿ ಬಳ್ಳಿಗೆ ಆಧಾರವಾಗುತ್ತದೆ. ಮೆರ್ಸೋದ ಮೇಲಿನ ಇಳಿಜಾರಿನಲ್ಲಿ ಮಣ್ಣಿನ ಪದರ ತೆಳುವಾಗಿರುವ ಕಡೆ ಬೇರುಗಳು ಸುಣ್ಣಕಲ್ಲಿನ ಬಿರುಕುಗಳೊಳಗೆ ಇಳಿದು ಬರಗಾಲದಲ್ಲೂ ತೇವ ಹುಡುಕಿಕೊಳ್ಳುತ್ತವೆ.

ಇದರಿಂದ ಹೊರಡುವ ತೀರ್ಮಾನವನ್ನು ನಾನು ಒತ್ತಿ ಹೇಳಬಯಸುತ್ತೇನೆ: ಹಳೆಯ ಬಳ್ಳಿಗೆ ಪ್ರತ್ಯೇಕವಾದ ಪರಿಮಳವಿಲ್ಲ. ಮೂಗಿನಲ್ಲಿ ಅದನ್ನು ಹುಡುಕುವವರು ಪೀಪಾಯಿಯ ಓಕ್ ಮರದ ವಾಸನೆಯನ್ನೋ ಗಸಿಯ ವಾಸನೆಯನ್ನೋ ಬಳ್ಳಿಯ ವಯಸ್ಸೆಂದು ತಿಳಿಯುತ್ತಾರೆ. ಅದು ಸಿಗುವುದು ಬಾಯಲ್ಲಿ. ಮೊದಲ ರುಚಿ ಮತ್ತು ಕೊನೆಯ ರುಚಿಯ ನಡುವೆ ವೈನ್ ತೆಳುವಾಗದೆ ತುಂಬಿಕೊಂಡೇ ಇರುವುದು, ನುಂಗಿದ ಮೇಲೆ ರುಚಿ ಬಹಳ ಹೊತ್ತು ನಿಲ್ಲುವುದು, ಎಲ್ಲಕ್ಕಿಂತ ಹೆಚ್ಚಾಗಿ ವರ್ಷ ವರ್ಷಗಳ ನಡುವಿನ ಅಂತರ ಕಿರಿದಾಗುವುದು. ತಂಪು ವರ್ಷದಲ್ಲಿ ಅದು ತೀರಾ ಹುಳಿಯಾಗುವುದಿಲ್ಲ, ಬಿಸಿ ವರ್ಷದಲ್ಲಿ ತೀರಾ ಸಡಿಲವಾಗುವುದಿಲ್ಲ. ವರ್ಷವನ್ನು ಅಳೆಯಲು ನಿಮ್ಮ ನಾಲ್ಕು ಬಾಟಲಿಗಳು ಸಾಕು. ಬಳ್ಳಿಯನ್ನು ಅಳೆಯಬೇಕೆಂದರೆ ಐದನೆಯದೊಂದು ಬೇಕು: ಅದೇ ಬೆಳೆಗಾರರ ಎಳೆಯ ಬಳ್ಳಿಯ ಮೆರ್ಸೋ, ಈ ನಾಲ್ಕು ವರ್ಷಗಳಲ್ಲಿ ಯಾವುದಾದರೂ ಒಂದರದ್ದು.

ಪೀಪಾಯಿ

ಕ್ರಮ ಮತ್ತು ಉಷ್ಣತೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದನ್ನು ನಾನು ಹೇಳುತ್ತೇನೆ. ಎಳೆಯದರಿಂದ ಹಳೆಯದರತ್ತ ಹೋಗಬೇಕೆಂಬ ರೂಢಿಯನ್ನು ಇಲ್ಲಿ ಪಾಲಿಸಬಾರದು. 2020 ನಾಲ್ಕರಲ್ಲಿ ಅತ್ಯಂತ ಸಾಂದ್ರವಾದದ್ದು, ಅದರ ನಂತರ ಸವಿದರೆ 2014 ಬಡವಾಗಿ ತೋರುತ್ತದೆ. ಮೊದಲು 2014, ನಂತರ 2017, ನಂತರ 2020, ಕೊನೆಗೆ 2015 ಎಂಬುದು ನನ್ನ ಸಲಹೆ. ಸಾಧ್ಯವಾದರೆ ಪ್ರತಿಯೊಬ್ಬರ ಮುಂದೆಯೂ ಒಂದೇ ಆಕಾರದ ಲೋಟಗಳನ್ನಿಟ್ಟು ಎಲ್ಲವನ್ನೂ ಒಟ್ಟಿಗೆ ಬಡಿಸಿ, ಆಗ ಹಿಂದೆ ಮುಂದೆ ಹೋಗಿ ಹೋಲಿಸಬಹುದು. ಒಬ್ಬರಿಗೆ ಅರವತ್ತು ಮಿಲಿಲೀಟರ್‌ನಂತೆ ಹಾಕಿದರೆ ಒಂದು ಬಾಟಲಿ ಹನ್ನೆರಡು ಜನರಿಗೆ ಬರುತ್ತದೆ.

ಉಷ್ಣತೆ 11 ಡಿಗ್ರಿ ಸೆಲ್ಸಿಯಸ್ ಸುತ್ತ ಶುರುವಾಗಿ ತಾನಾಗಿಯೇ 14ರವರೆಗೆ ಏರಲಿ. ನೇರವಾಗಿ ಫ್ರಿಜ್‌ನಿಂದ ತೆಗೆದು ಬಡಿಸಿದರೆ ಹುಳಿ ಮತ್ತು ಓಕ್ ಮಾತ್ರ ಮುಂದೆ ಬರುತ್ತವೆ, ನಾಲ್ಕೂ ಒಂದೇ ಎನಿಸುತ್ತವೆ.

ಸುಣ್ಣಕಲ್ಲು ಅವರ ಮಾತಿಗೆ ಒಂದು ತಿದ್ದುಪಡಿ ಸೇರಿಸಬೇಕೆನಿಸುತ್ತದೆ. ವರ್ಷ, ಬಳ್ಳಿ, ಬಾಟಲಿ ಎಂಬ ಮೂರರ ಜೊತೆಗೆ ನಾಲ್ಕನೆಯದೊಂದಿದೆ, ಅದು ಬೆಳೆಗಾರರ ಕೈ. ಅಕಾಲ ಆಕ್ಸಿಡೀಕರಣದ ಭಯದಿಂದ ಬರ್ಗಂಡಿಯ ಅನೇಕರು ತಮ್ಮ ಪದ್ಧತಿಯನ್ನೇ ಬದಲಾಯಿಸಿದ್ದಾರೆ: ಹಣ್ಣನ್ನು ಮೊದಲಿಗಿಂತ ಬಿರುಸಾಗಿ ಒತ್ತುತ್ತಾರೆ, ಹುದುಗುವ ಮೊದಲೇ ರಸವನ್ನು ಗಾಳಿಗೆ ಕಂದಲು ಬಿಡುತ್ತಾರೆ, ಗಸಿ ಕಲಕುವುದನ್ನು ಕಡಿಮೆ ಮಾಡಿದ್ದಾರೆ ಇಲ್ಲವೇ ನಿಲ್ಲಿಸಿದ್ದಾರೆ, 228 ಲೀಟರಿನ ಸಾಂಪ್ರದಾಯಿಕ ಪೀಪಾಯಿಯ ಬದಲು ದೊಡ್ಡ ಪೀಪಾಯಿಗಳನ್ನು ತಂದಿದ್ದಾರೆ. ಬಿರಡೆಯಲ್ಲೂ ಬದಲಾವಣೆಯಾಗಿದೆ. ಪುಡಿಮಾಡಿದ ಕಾರ್ಕನ್ನು ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡಿನಿಂದ ಶುದ್ಧಮಾಡಿ ಅಚ್ಚುಹಾಕಿದ ಡಿಯಾಮ್ ಬಿರಡೆಗಳು ಈಗ ಸಾಮಾನ್ಯ. ನಿಮ್ಮ 2014 ನೈಸರ್ಗಿಕ ಕಾರ್ಕಿನಲ್ಲಿದ್ದು 2020 ಡಿಯಾಮ್‌ನಲ್ಲಿದ್ದರೆ, ನೀವು ಎರಡು ವರ್ಷಗಳ ಜೊತೆಗೆ ಎರಡು ಬಿರಡೆಗಳನ್ನೂ ಹೋಲಿಸುತ್ತಿದ್ದೀರಿ ಎಂಬುದು ನೆನಪಿರಲಿ. ಬೆಳೆಗಾರರಿಗೆ ಒಂದು ಪತ್ರ ಬರೆದು, ಈ ವರ್ಷಗಳ ನಡುವೆ ಏನೇನು ಬದಲಾಯಿತೆಂದು ಕೇಳಿ. ಸಣ್ಣ ಬೆಳೆಗಾರರು ಇಂಥ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ.

ಬಳ್ಳಿಬೇರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾವು ಹೇಳಿದಂತೆಯೇ ನಡೆಸಿದೆವು. ಬಾಟಲಿಗಳಿಗೆ ಬಟ್ಟೆ ಸುತ್ತಿ, ಯಾವುದು ಯಾವ ವರ್ಷದ್ದೆಂದು ನನ್ನನ್ನು ಬಿಟ್ಟು ಯಾರಿಗೂ ತಿಳಿಯದಂತೆ ಬಡಿಸಿದೆ. ಅದೇ ಬೆಳೆಗಾರರ ಎಳೆಯ ಬಳ್ಳಿಯ 2017 ಕೂಡ ಸಿಕ್ಕಿತು. 2014 ಈ ಬಾರಿ ಆರೋಗ್ಯವಾಗಿಯೇ ಇತ್ತು.

2014ರಲ್ಲಿ ನಿಂಬೆ ಸಿಪ್ಪೆ, ಹಸಿ ಬಾದಾಮಿ, ಕೊನೆಯಲ್ಲಿ ಉಪ್ಪಿನಂಥ ಒಂದು ಛಾಯೆ. ತೆರೆದುಕೊಳ್ಳಲು ಬಹಳ ಸಮಯ ತೆಗೆದುಕೊಂಡಿತು. 2017 ಎಲ್ಲರಿಗೂ ಹಿಡಿಸಿತು. 2015 ತಣ್ಣಗಿದ್ದಾಗ ಮಾಗಿದ ಪೀಚ್ ಹಣ್ಣಿನಂತೆ ಸೊಗಸಾಗಿತ್ತು, ಆದರೆ ಉಷ್ಣತೆ ಏರಿದಂತೆ ಭಾರವಾಗಿ, ಆಲ್ಕೋಹಾಲಿನ ಬಿಸಿ ಎದ್ದು ಕಾಣತೊಡಗಿತು. 2020 ಶುರುವಿನಲ್ಲಿ ಕಡ್ಡಿ ಗೀರಿದ ವಾಸನೆಯನ್ನೇ ಸೂಸುತ್ತಿತ್ತು. ಅರ್ಧ ಗಂಟೆಯ ಮೇಲೆ ಅದು ಸರಿದು ಬಿಳಿ ಹೂವು ಮತ್ತು ಕಿತ್ತಳೆ ಸಿಪ್ಪೆಯ ಪರಿಮಳ ಬಂತು. ಗೆಳೆಯರಲ್ಲಿ ಹೆಚ್ಚಿನವರು 2020ನ್ನೇ ತಂಪು ವರ್ಷದ್ದೆಂದು ಹೇಳಿದ್ದು ನನಗೆ ಅಚ್ಚರಿ ತಂದಿತು. ಎರಡು 2017ಗಳನ್ನು ಅಕ್ಕಪಕ್ಕ ಇಟ್ಟಾಗ ಮೂಗಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಬಾಯಲ್ಲಿ ಮಾತ್ರ ಎಳೆಯ ಬಳ್ಳಿಯದ್ದು ಚೆನ್ನಾಗಿ ಶುರುವಾಗಿ ನಡುವೆಯೇ ತೆಳುವಾಯಿತು, ಹಳೆಯದ್ದು ಮುಂದುವರಿಯಿತು. ಮರುದಿನ ಉಳಿದದ್ದನ್ನು ನೋಡಿದಾಗ 2015 ಸೊರಗಿತ್ತು, 2020 ಹಿಂದಿನ ದಿನಕ್ಕಿಂತ ಚೆನ್ನಾಗಿತ್ತು.

ಬೆಳೆಗಾರರೂ ಉತ್ತರಿಸಿದ್ದಾರೆ: 2018ರಿಂದ ಡಿಯಾಮ್ ಬಿರಡೆ, ಗಸಿ ಕಲಕುವುದು ಸಂಪೂರ್ಣ ಬಂದ್. ಉಳಿದ ಬಾಟಲಿಗಳನ್ನು ಎಷ್ಟು ಕಾಲ ಇಡಬಹುದು?

ಸುಣ್ಣಕಲ್ಲು

ಎರಡು 2017ಗಳ ಹೋಲಿಕೆಯನ್ನು ಓದಿ ಬಹಳ ಸಂತೋಷವಾಯಿತು. ಬಳ್ಳಿಯ ವಯಸ್ಸು ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ಲೋಟವೊಂದರಿಂದ ನಿರೀಕ್ಷಿಸಲಾಗದು. ಆದರೂ ಒಂದು ಎಚ್ಚರಿಕೆ: ಎಳೆಯ ಬಳ್ಳಿಯ ತೋಟ ಇಳಿಜಾರಿನ ಬೇರೆ ಮಟ್ಟದಲ್ಲಿದ್ದರೆ ಮಣ್ಣಿನ ಪಾಲೂ ಅದರಲ್ಲಿ ಸೇರಿರುತ್ತದೆ, ಅದನ್ನು ಬೆಳೆಗಾರರಿಂದ ಕೇಳಿ ತಿಳಿಯಿರಿ.

2020ನ್ನು ತಂಪು ವರ್ಷವೆಂದು ಎಣಿಸಿದ ಗೆಳೆಯರನ್ನು ದೂರುವಂತಿಲ್ಲ. ಹುಳಿ ಹಾಗೆ ಹೇಳುತ್ತಿತ್ತು, ಕಡ್ಡಿ ಗೀರಿದ ವಾಸನೆ ಆ ಅನಿಸಿಕೆಯನ್ನು ಗಟ್ಟಿಮಾಡಿತು. ಪೀಪಾಯಿ ಅವರು ಹೇಳಿದ ಬೆಳೆಗಾರರ ಕೈ ಕೆಲಸ ಮಾಡಿರುವುದು ಇಲ್ಲಿಯೇ. ಗಸಿ ಕಲಕದಿದ್ದರೆ ಒಳಗೆ ಆಮ್ಲಜನಕ ಸೇರುವುದು ಕಡಿಮೆಯಾಗಿ ಆ ವಾಸನೆ ಉಳಿಯುತ್ತದೆ. ಮುಂದಿನ ಸಲ ಹುಳಿಯನ್ನು ಬಿಟ್ಟು ತೂಕವನ್ನು ಗಮನಿಸಲು ಹೇಳಿ. ನಾಲಿಗೆಯ ಮೇಲಿನ ದಪ್ಪ ಮತ್ತು ಹಣ್ಣಿನ ಸಿಪ್ಪೆಯಿಂದ ಬರುವ ಸಣ್ಣ ಒಗರು ಬಿಸಿ ವರ್ಷವನ್ನು ಬಿಟ್ಟುಕೊಡುತ್ತವೆ.

ಉಳಿದವುಗಳ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. 2015ನ್ನು ಈ ವರ್ಷವೇ, ತುಸು ತಂಪಾಗಿಯೇ ಕುಡಿದು ಮುಗಿಸಿ. 2017 ಈಗ ಹದದಲ್ಲಿದೆ, ಎರಡು ಮೂರು ವರ್ಷ ಹಾಗೆಯೇ ಇರಬಹುದು. 2014 ಆರೋಗ್ಯವಾಗಿದ್ದರೆ ಇನ್ನೂ ಬಹುಕಾಲ ಬಾಳುವ ವೈನ್, ಆದರೆ ನೈಸರ್ಗಿಕ ಕಾರ್ಕಿನ ಈ ಪೆಟ್ಟಿಗೆಯಲ್ಲಿ ಒಂದು ಈಗಾಗಲೇ ಕೆಟ್ಟಿರುವುದರಿಂದ ಕಾಯುವುದು ಜಾಣತನವಲ್ಲ. ಒಂದೊಂದಾಗಿ ತೆರೆಯುತ್ತಾ ಬನ್ನಿ, ಪ್ರತಿ ಸಲವೂ ಬದಲಿಗೆ ಬೇರೊಂದು ಬಾಟಲಿ ಪಕ್ಕದಲ್ಲಿರಲಿ. 2020ನ್ನು 12 ಡಿಗ್ರಿಯ ಸುತ್ತ ಸ್ಥಿರವಾದ ಉಷ್ಣತೆಯ ಕತ್ತಲೆ ಜಾಗದಲ್ಲಿಟ್ಟು ಇನ್ನೂ ಮೂರು ವರ್ಷ ಮುಟ್ಟಬೇಡಿ, ಮತ್ತು ಸಾಧ್ಯವಾದರೆ ಅದರ ಪಕ್ಕಕ್ಕೆ 2021ರ ಒಂದು ಬಾಟಲಿ ಹುಡುಕಿಡಿ. ಏಪ್ರಿಲ್ ಚಳಿಗೆ ಶಾರ್ಡೊನೆಯ ಬಹುಪಾಲು ಹೋದ ನಂತರ ಉಳಿದ ಅಲ್ಪ ಹಣ್ಣು ಸೆಪ್ಟೆಂಬರಿನಲ್ಲಿ ಮಾಗಿದ ತಂಪು ವರ್ಷ ಅದು, ಬಿರಡೆಯೂ ಪದ್ಧತಿಯೂ 2020ರದ್ದೇ. ಅವೆರಡನ್ನು ಹೋಲಿಸಿದರೆ ಬೆಳೆಗಾರರ ಕೈಯ ಬದಲಾವಣೆ ಅಡ್ಡಬರದೆ ವರ್ಷದ ವ್ಯತ್ಯಾಸವಷ್ಟೇ ಕಾಣಸಿಗುತ್ತದೆ.